ಹಂದರ ಎದ್ದಿತು

ಪುಣೆ
೨೦ ನವೆಂಬರ್ ೧೯೭೪

ಅಪ್ಪಾ, ಶರಣು.

ನಿಮ್ಮ ಕಾಗದ ಓದಿ ಸಿಟ್ಟೂ ಬಂತು, ನಗುವೂ ಬಂತು. ಮುದ್ದೇಬಿಹಾಳದ ಮಡಿವಾಳಪ್ಪ ಕಾಕಾ ತಮ್ಮ ಮಗನಿಗೆ ನನ್ನನ್ನು ಕೇಳಿದ್ದಾರೆ, ಹುಡುಗ ಬ್ಯಾಂಕಿನಲ್ಲಿದ್ದಾನೆ, ಮನೆತನ ಗೊತ್ತಿದ್ದದ್ದು, ಯುಗಾದಿ ಮುಗಿದ ಮೇಲೆ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ ಎಂದು ಬರೆದಿದ್ದೀರಿ. ನಾನು ಈ ಪ್ರಯೋಗಶಾಲೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅರ್ಧಕ್ಕೆ ಬಿಟ್ಟು ಹೋದರೆ ನನಗೆ ಕಲಿಸುತ್ತಿರುವ ಬಾಯಿಯವರು (ಇಲ್ಲಿ ಮೇಡಮ್ಮನವರನ್ನು ಹಾಗೆನ್ನುತ್ತಾರೆ) ಬಾಗೇವಾಡಿ ಕಡೆಯ ಇನ್ನೊಂದು ಹುಡುಗಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕೆಲಸ ಏನೆಂದು ಕೇಳಿದ್ದೀರಿ. ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿಂದ ಆದದ್ದು. ಅವುಗಳಲ್ಲಿ ಕೆಲವು ಕೂತಲ್ಲಿ ಕೂರುವುದಿಲ್ಲ, ನಡೆಯುತ್ತವೆ. ಬೆರಳು ಕೊಯ್ದುಕೊಂಡರೆ ಗಾಯ ಮಾಯುವುದು ಆ ಕೋಶಗಳು ಅಂಚಿನಿಂದ ನಡೆದು ಬಂದು ಒಂದನ್ನೊಂದು ಹಿಡಿದುಕೊಳ್ಳುವುದರಿಂದ. ಕಾಲಿಲ್ಲದೆ ಹೇಗೆ ನಡೆಯುತ್ತವೆ ಎಂಬುದೇ ನನ್ನ ಪ್ರಶ್ನೆ. ಕೋಳಿಯ ತತ್ತಿಯೊಳಗಿನ ಎಳೆಯ ಪಿಂಡದಿಂದ ಕೋಶ ತೆಗೆದು, ಗಾಜಿನ ತಟ್ಟೆಯಲ್ಲಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ತತ್ತಿಯ ಮಾತು ಅವ್ವನ ಮುಂದೆ ಬೇಡ. ಊರಿಗೆ ಬಂದಾಗ ಹೊಸ್ತಿಲಲ್ಲೇ ನಿಲ್ಲಿಸಿ ಮೈಲಿಗೆಯೆಂದು ತಲೆಯ ಮೇಲೆ ಕೊಡ ನೀರು ಸುರಿದಾಳು.

ಇಲ್ಲಿಯವರೆಗೆ ಒಂದೇ ಒಂದು ಕೋಶವೂ ನಡೆದಿಲ್ಲ. ಅದಕ್ಕೇ ಒಂದು ಪಂಥ ಕಟ್ಟೋಣ. ಯುಗಾದಿಯೊಳಗೆ ನಡೆದರೆ ನನ್ನನ್ನು ಇನ್ನೆರಡು ವರ್ಷ ಇಲ್ಲಿ ಬಿಡಬೇಕು, ಮದುವೆಯ ಮಾತು ಎತ್ತಬಾರದು. ನಡೆಯದಿದ್ದರೆ ಗಂಟು ಮೂಟೆ ಕಟ್ಟಿಕೊಂಡು ಬಂದು ತಕರಾರಿಲ್ಲದೆ ಬಾಸಿಂಗ ಕಟ್ಟಿಸಿಕೊಳ್ಳುತ್ತೇನೆ. ಒಪ್ಪಿಗೆಯೇ?

ನಿಮ್ಮ ಹಟಮಾರಿ
ಕಸ್ತೂರಿ

*

ಸಿಂದಗಿ
೪ ಡಿಸೆಂಬರ್ ೧೯೭೪

ಮಗಳೇ ಕಸ್ತೂರಿ, ಸುಖವಾಗಿರು.

ಹಂದರಕ್ಕೆ ಹೊದಿಸುವ ತಾಡಪತ್ರಿಯ ಗಂಟಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯ ದಲಾಲರ ಮನೆಯಲ್ಲಿ ನಾಳೆ ಮದುವೆ. ಹಂದರ ಎದ್ದಿದೆ, ಗಾಳಿ ಬಿಟ್ಟೂ ಬಿಡದೆ ಬಡಿಯುತ್ತಿದೆ.

ಮೀಸೆ ಮೂಡಿದಾಗಿನಿಂದ ನಾನು ಮಾಡಿದ್ದು ಇದೊಂದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿ ಮಂಗಳಕಾರ್ಯವಾದರೂ ಬಿದಿರಿನ ಗಳ ನಮ್ಮವು, ಹಗ್ಗ ನಮ್ಮದು. ಊರವರ ಹೆಣ್ಣುಮಕ್ಕಳಿಗೆಲ್ಲ ಹಂದರ ಹಾಕಿದ ಶ್ರೀಶೈಲಪ್ಪ ತನ್ನ ಬಾಗಿಲಿಗೆ ಯಾವಾಗ ಹಾಕುತ್ತಾನೆ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ನಕ್ಕು ಹಗ್ಗ ಬಿಗಿಯುತ್ತೇನೆ. ಒಳಗೆ ನನಗೂ ಅದೇ ಆಸೆ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಪಂಥ ಒಪ್ಪಿದೆ. ಮುಚ್ಚುಮರೆ ಯಾಕೆ, ನಿನ್ನ ಹುಳ ನಡೆಯದಿರಲಿ ಎಂದೇ ನನ್ನ ಹಾರೈಕೆ. ಪಂಥದ ಸುದ್ದಿಯನ್ನಷ್ಟೇ ನಿಮ್ಮವ್ವನಿಗೆ ಹೇಳಿದೆ. ತತ್ತಿಯ ದೆಸೆಯಿಂದ ನಿನ್ನ ಕಾಗದ ಮಾತ್ರ ಓದಿ ಹೇಳಲಿಲ್ಲ, ಇನ್ನು ಮುಂದೆಯೂ ಓದುವುದಿಲ್ಲ. ಆಕೆ ದಿನಾ ದೀಪ ಹಚ್ಚಿ, “ಯಪ್ಪಾ ಬಸವಣ್ಣಾ, ಆ ಹುಳದ ಕಾಲು ಕಟ್ಟಿಹಾಕೋ” ಎಂದು ಬೇಡುತ್ತಿದ್ದಾಳೆ.

ನನ್ನ ಜೊತೆ ಹಗ್ಗ ಕಟ್ಟುತ್ತಲೇ ತಲೆ ನೆರೆಸಿಕೊಂಡ ಬಂದಗಿಸಾಬನಿಗೆ ಮಾತ್ರ ಕಾಗದ ಪೂರ್ತಿ ಓದಿದೆ. “ಕಾಲಿಲ್ಲದ್ದು ಹೆಂಗ ನಡದೀತೋ ಶ್ರೀಶೈಲಾ, ಹಾವೇನು?” ಎಂದ. ನನಗೂ ತಲೆಗೆ ಹೋಗಲಿಲ್ಲ. ಬಿಡಿಸಿ ಬರಿ.

ಗೆಲ್ಲಲಿರುವ
ನಿನ್ನ ಅಪ್ಪ

*

ಪುಣೆ
೨೨ ಡಿಸೆಂಬರ್ ೧೯೭೪

ಅಪ್ಪಾ,

ಮೊದಲು ಒಂದು ತಿದ್ದುಪಡಿ. ಹುಳ ಅಲ್ಲ, ಕೋಶ. ಬಂದಗಿಸಾಬ ಕಾಕಾಗೂ ಹೇಳಿರಿ.

ನೀವು ಸಿಂದಗಿಯಲ್ಲಿ ಹಂದರ ಬಿಚ್ಚಿ ಝಳಕಿಯಲ್ಲಿ ಹಾಕುತ್ತೀರಲ್ಲ. ಗಳ ಅವೇ, ಹಗ್ಗ ಅವೇ, ಊರು ಬೇರೆ. ಕೋಶದೊಳಗೂ ಅಂಥದೇ ಹಂದರವಿದೆ, ಎಲ್ಲ ಪ್ರೋಟೀನಿನದು. ಅದರ ಹಗ್ಗಗಳಿಗೆ ಆಕ್ಟಿನ್ ಎಂದು ಹೆಸರು. ಇದು ಮಾಂಸಖಂಡದಲ್ಲಿ ಮಾತ್ರ ಇರುವುದೆಂದು ಮೊದಲು ತಿಳಿದಿದ್ದರು, ಈಗ ನೋಡಿದ ನೋಡಿದ ಕೋಶದಲ್ಲೆಲ್ಲ ಸಿಗುತ್ತಿದೆ. ಕೋಶ ಹೊರಟಿತೆಂದರೆ ಮುಂದಿನ ಅಂಚಿನಲ್ಲಿ ಹೊಸ ಹಂದರ ಏಳುತ್ತದೆ, ತಾಡಪತ್ರಿಯಂಥ ತೆಳ್ಳಗಿನ ಪೊರೆ ಮುಂದಕ್ಕೆ ಚಾಚುತ್ತದೆ. ಅಲ್ಲಿ ನೆಲಕ್ಕೆ ಗೂಟ ಬೀಳುತ್ತದೆ, ಹಗ್ಗ ಜಗ್ಗುತ್ತದೆ, ಹಿಂದಿನ ಗೂಟ ಕಿತ್ತು ಬರುತ್ತದೆ. ನೀವು ಎಲ್ಲ ಬಿಚ್ಚಿ ಗಾಡಿಗೆ ಹೇರುತ್ತೀರಿ. ಅದು ಕೆಳಗೆ ಕೂತವರನ್ನು ಎಬ್ಬಿಸದೆ ಹಂದರವನ್ನೇ ಮುಂದೆ ಸರಿಸುತ್ತದೆ.

ಇಂಗ್ಲಿಷಿನವರು ಇದನ್ನು ಕೋಶದ ಎಲುಬಿನ ಗೂಡು ಎಂದು ಕರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎಲುಬನ್ನು ಯಾರಾದರೂ ಬೆಳಿಗ್ಗೆ ಬಿಚ್ಚಿ ಸಂಜೆ ಕಟ್ಟುತ್ತಾರೆಯೇ? ನಾನು ಹಂದರ ಎಂದೇ ಅನ್ನುವುದು. ಮೊನ್ನೆ ನಮ್ಮ ಬಾಯಿಯವರೂ ಮರಾಠಿಯ ನಡುವೆ “ಹಂದರ” ಎಂದುಬಿಟ್ಟರು.

ಆದರೆ ನನ್ನ ತಟ್ಟೆಯಲ್ಲಿ ಹಂದರವೇ ಏಳುತ್ತಿಲ್ಲ. ಕೋಶಗಳು ಗಾಜಿಗೆ ಅಂಟುವುದೇ ಇಲ್ಲ. ನೆನೆಸಿದ ಸಾಬೂದಾಣಿಯ ಹಾಗೆ ದುಂಡಗಾಗಿ ತೇಲುತ್ತವೆ. ಗೂಟ ನಿಲ್ಲದೆ ಹಗ್ಗ ಯಾವುದಕ್ಕೆ ಕಟ್ಟುವುದು? ಸದ್ಯಕ್ಕೆ ನೀವೇ ಗೆಲ್ಲುತ್ತಿದ್ದೀರಿ.

ನಿಮ್ಮ
ಕಸ್ತೂರಿ

*

ಝಳಕಿ
೧೬ ಜನವರಿ ೧೯೭೫

ಕಸ್ತೂರಿ,

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ನಿಮ್ಮವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಹಿಡಿದು ಇಲ್ಲಿಗೆ ಬಂದೆ. ರೊಟ್ಟಿ ಮುಗಿಯಿತು, ನಿನ್ನ ಕಾಗದ ಇನ್ನೂ ಮುಗಿದಿಲ್ಲ. ಬಂದಗಿಸಾಬ ಅದನ್ನು ಮತ್ತೆ ಮತ್ತೆ ಓದಿಸುತ್ತಾನೆ. ಹಿಂದಿನ ಗೂಟ ತಾನೇ ಕಿತ್ತು ಬರುತ್ತದೆ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ, “ನಮ್ಮವು ಯಾಕ ಬರೂದಿಲ್ಲೋ ಮಾರಾಯಾ?” ಎಂದು ಅಂಗೈ ತಿಕ್ಕಿಕೊಳ್ಳುತ್ತಾನೆ.

ಗೂಟ ನಿಲ್ಲುತ್ತಿಲ್ಲ ಎಂದು ಬರೆದೆಯಲ್ಲ, ಅದು ಗೂಟದ ತಪ್ಪಲ್ಲ, ನೆಲದ್ದು. ನಮ್ಮ ಎರೆಭೂಮಿ ಬಿರುಕು ಬಿಟ್ಟಾಗ ಎಷ್ಟು ಹೊಡೆದರೂ ಗೂಟ ಅಲ್ಲಾಡುತ್ತದೆ. ನೀರು ಸುರಿದು, ನೆನೆಸಿ, ಆಮೇಲೆ ಹೊಡೆಯಬೇಕು. ನೀನು ಆ ಗಾಜು ಬದಲಿಸು. ನುಣ್ಣಗಿದ್ದರೆ ಒರಟಿನದು ತಗೋ, ಒರಟಿದ್ದರೆ ನುಣ್ಣಗಿನದು ತಗೋ. ಬಿಡಬೇಡ.

ಇಷ್ಟು ಬರೆದ ಮೇಲೆ ಹೊಳೆಯಿತು, ನಾನು ಯಾರ ಕಡೆಯವನು? ಬರೆದದ್ದನ್ನು ಹೊಡೆದು ಹಾಕೋಣವೆಂದರೆ ಬಂದಗಿಸಾಬ ಕೈ ಹಿಡಿದ. ಇರಲಿ. ನಿಮ್ಮವ್ವನಿಗೆ ಗೊತ್ತಾಗಬಾರದು.

ಬುದ್ಧಿ ಕೆಟ್ಟ
ನಿನ್ನ ಅಪ್ಪ

*

ಪುಣೆ
೧೨ ಫೆಬ್ರುವರಿ ೧೯೭೫

ಅಪ್ಪಾ,

ನಿಮ್ಮ ಮಾತು ಕೇಳಿ ಕೆಟ್ಟೆ! ಒರಟು ಗಾಜು, ನುಣ್ಣಗಿನ ಗಾಜು, ತೊಳೆದ ಗಾಜು, ಕಾಯಿಸಿದ ಗಾಜು, ಬಾಯಿಯವರು “ಕಸ್ತೂರಿ, ಬಳೆ ಅಂಗಡಿ ಇಡುತ್ತೀಯಾ?” ಎಂದು ಕೇಳುವವರೆಗೆ ಬದಲಿಸಿದೆ. ನೆಲದ್ದೇನೂ ತಪ್ಪಿರಲಿಲ್ಲ ಅಪ್ಪಾ. ತಪ್ಪು ನನ್ನ ತೊಳೆಯುವಿಕೆಯಲ್ಲಿತ್ತು.

ಒಂದಕ್ಕೊಂದು ಅಂಟಿದ ಕೋಶಗಳನ್ನು ಬಿಡಿಸಲು ಮೊದಲು ಒಂದು ದ್ರಾವಣ ಹಾಕುತ್ತೇವೆ. ಅದು ಅವುಗಳ ಸುತ್ತಲಿನ ಕ್ಯಾಲ್ಸಿಯಂ ಅನ್ನು ಕಸಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಎಂದರೆ ಸುಣ್ಣದಲ್ಲಿರುವ ಧಾತು. ಅದಿಲ್ಲದಿದ್ದರೆ ಕೋಶಗಳ ಹಿಡಿತ ಸಡಿಲವಾಗಿ ಬಿಡಿಬಿಡಿಯಾಗುತ್ತವೆ. ಆ ದ್ರಾವಣವನ್ನು ನಾನು ಪೂರ್ತಿ ತೊಳೆದು ತೆಗೆಯುತ್ತಿರಲಿಲ್ಲ. ತಟ್ಟೆಯಲ್ಲಿ ಉಳಿದದ್ದು ಅಲ್ಲಿಯ ಕ್ಯಾಲ್ಸಿಯಂ ಅನ್ನೂ ನುಂಗಿಬಿಡುತ್ತಿತ್ತು. ಚೆನ್ನಾಗಿ ತೊಳೆದು, ಹದವಾಗಿ ಕ್ಯಾಲ್ಸಿಯಂ ಬೆರೆಸಿ ಬಿಟ್ಟೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡುತ್ತೇನೆ, ಅಂಟಿಕೊಂಡಿವೆ! ಕಾದ ಹಂಚಿನ ಮೇಲೆ ಹಿಟ್ಟು ಹರಡಿದ ಹಾಗೆ ಮೈ ಚಾಚಿ ಕೂತಿವೆ. ಕುರ್ಚಿಯಲ್ಲೇ ಕುಣಿದೆ.

ಒಟ್ಟಿನಲ್ಲಿ ಇಷ್ಟು ದಿನ ನನಗೆ ಬೇಕಾಗಿದ್ದದ್ದು ಒಂದು ಚೂರು ಸುಣ್ಣ, ಅವ್ವನಿಗೆ ಹೇಳಿರಿ.

ಗೂಟ ನಿಂತಿದೆ. ಇನ್ನು ನಡೆಯುವುದೊಂದು ಬಾಕಿ.

ಕಸ್ತೂರಿ

*

ಮಸೂತಿ
೩ ಮಾರ್ಚ್ ೧೯೭೫

ಕಸ್ತೂರಿ,

ನೀನು ಹೇಳೆಂದೆ, ಹೇಳಿದೆ. “ಪುಣೆಯಲ್ಲಿ ನಿನ್ನ ಮಗಳಿಗೆ ಸುಣ್ಣ ಬೇಕಾಗಿತ್ತಂತೆ” ಎಂದದ್ದೇ ತಡ, ನಿಮ್ಮವ್ವ ಎಲೆ ಅಡಿಕೆಯ ಸಂಚಿಯಿಂದ ತನ್ನ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ಕೈಗಿಟ್ಟಳು. “ಎಲಿ ಹಾಕೋದು ಕಲ್ತಾಳಂದ್ರ ಊಟ ಚಲೋ ಆಗಾಕತ್ತೈತಿ. ಹೆಚ್ಚು ಹಚ್ಚಬ್ಯಾಡ ಅನ್ರಿ, ಬಾಯಿ ಸುಡ್ತೈತಿ” ಎಂದಳು. ಆ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಡಬ್ಬಿ ಅಂಚೆಯಲ್ಲಿ ಬರುತ್ತಿದೆ.

ಮುದ್ದೇಬಿಹಾಳಕ್ಕೆ ಹೋದಾಗ ಮಡಿವಾಳಪ್ಪನಿಗೆ ಪಂಥದ ಸಂಗತಿ ಬಿಚ್ಚಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನ ಮಗಳು ಹುಳದ ಮ್ಯಾಲೆ ಮದುವಿ ಹಚ್ಚ್ಯಾಳಲ್ಲೋ!” ಎಂದ. ನಿಡಗುಂದಿಯವರದೊಂದು ಸಂಬಂಧ ಅವರ ಮನೆಗೆ ಬಂದಿದೆ. ಆದರೂ ನಮ್ಮ ಸಲುವಾಗಿ ಯುಗಾದಿಯ ತನಕ ತಡೆಯುತ್ತೇನೆ ಎಂದ. ದೊಡ್ಡ ಮನುಷ್ಯ.

ಅಂಟಿಕೊಂಡವು ಎಂದು ನೀನು ಬರೆದದ್ದನ್ನು ಮಸೂತಿ ಊರಿನ ಈ ಹಂದರದ ಕೆಳಗೆ ನಾಲ್ಕು ಜನಕ್ಕೆ ಓದಿದೆ. ಮುಂದೇನಾಯಿತು ಎಂದು ಎಲ್ಲರೂ ಕೇಳಿದರು. ನನಗೇನು ಗೊತ್ತು? ಬೇಗ ಬರಿ.

ನಿನ್ನ ಅಪ್ಪ

*

ಪುಣೆ
೨೬ ಮಾರ್ಚ್ ೧೯೭೫

ಅಪ್ಪಾ,

ಡಬ್ಬಿ ಬಂತು. ಮುಚ್ಚಳ ತೆಗೆದರೆ ಅವ್ವನ ಸಂಚಿಯ ವಾಸನೆ. ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಹೆಚ್ಚು ಹಚ್ಚಬೇಡ ಎಂದಳಲ್ಲ, ಅದು ನನ್ನ ಕೋಶಗಳಿಗೂ ಸಲ್ಲುತ್ತದೆ. ಹೊರಗೆ ಕ್ಯಾಲ್ಸಿಯಂ ಧಾರಾಳವಾಗಿರಬೇಕು, ಒಂದನ್ನೊಂದು ಹಿಡಿದುಕೊಳ್ಳಲು. ಒಳಗೆ ಮಾತ್ರ ಎಷ್ಟೋ ಪಾಲು ಕಡಿಮೆ. ಚಿಟಿಕೆಯಷ್ಟು ಒಳಗೆ ಬಂದರೆ ಸಾಕು, ಅದೇ ಸನ್ನೆ. ನೀವು ಕೆಳಗೆ ನಿಂತು “ಹೂಂ, ಜಗ್ರಿ!” ಎನ್ನುತ್ತೀರಲ್ಲ, ಹಾಗೆ ಹಗ್ಗಗಳು ಬಿಗಿಯುತ್ತವೆ. ಮಾಂಸಖಂಡದಲ್ಲಿ ಹೀಗಾಗುವುದು ಎಲ್ಲರಿಗೂ ಗೊತ್ತು. ನಡೆಯುವ ಕೋಶದಲ್ಲೂ ಹೀಗೆಯೇ ಎಂದು ಬಾಯಿಯವರ ಅಂದಾಜು. ಅದನ್ನು ತೋರಿಸಬೇಕಾದವಳು ನಾನು.

ತೋರಿಸುವುದೇನು ಬಂತು, ಅವು ನಡೆಯುವುದೇ ಇಲ್ಲವಲ್ಲ! ಬೆಚ್ಚಗಿನ ಪೆಟ್ಟಿಗೆಯಿಂದ ತಟ್ಟೆ ತೆಗೆದು ನೋಡುತ್ತೇನೆ, ಇದ್ದಲ್ಲೇ ಇರುತ್ತವೆ. ಎಷ್ಟು ಹೊತ್ತು ನೋಡಿದರೂ ಅಷ್ಟೇ. ಕಣ್ಣು ಉರಿಯುತ್ತಿವೆ. ಯುಗಾದಿ ಬಂದೇ ಬಿಟ್ಟಿತು. ನನಗೆ ಈ ಕೆಲಸ ಬಿಟ್ಟು ಬರಲು ಇಷ್ಟವಿಲ್ಲ ಅಪ್ಪಾ, ಎಷ್ಟು ಇಷ್ಟವಿಲ್ಲವೆಂದು ಈಗ ಗೊತ್ತಾಗುತ್ತಿದೆ. ಆದರೆ ಮಾತು ಕೊಟ್ಟವಳು ನಾನು. ನಡೆಯದಿದ್ದರೆ ಬರುತ್ತೇನೆ, ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ.

ನಡೆದರೆ ತಂತಿ ಕೊಡುತ್ತೇನೆ.

ಕಸ್ತೂರಿ

*

ಬಸವನ ಬಾಗೇವಾಡಿ
೧೧ ಏಪ್ರಿಲ್ ೧೯೭೫

ಕಸ್ತೂರೀ,

ನಿಮ್ಮ ಮಾವ ರಾವಸಾಬ ಬರಿಯಾಕತ್ತಾನ, ನಾ ಹೇಳಾಕತ್ತೇನಿ. ಒಂದಕ್ಷರ ಬಿಡಬ್ಯಾಡ ಅಂದೇನಿ.

ಮೊನ್ನೆ ತಾರು ಬಂತು. ತಾರು ಅಂದ್ರ ಕೆಟ್ಟ ಸುದ್ದೀನ ಇರಬೇಕಂತ ಒಲಿ ಬಿಟ್ಟು ಓಡಿ ಬಂದೆ. ಪೋಸ್ಟ ಮಾಸ್ತರ ಓದಿದ, “ಹಂದರ ಎದ್ದಿತು, ಕಸ್ತೂರಿ” ಅಂತ. ಇನ್ನೊಮ್ಮೆ ಓದ್ರಿ ಅಂದೆ. ಮತ್ತ ಅದನ್ನೇ ಓದಿದ.

ಹಡದವರಿಗೆ ಒಂದು ಮಾತು ಹೇಳದ ಹಂದರ ಹಾಕಿಸ್ಕೊಂಡಿ? ಯಾವ ಊರಾಂವ ಆತ? ಯಾರ ಪೈಕಿ? ನಾಕು ತಾಲೂಕಿಗೆ ಹಂದರ ಹಾಕೋ ಮನಷ್ಯಾನ ಮಗಳು ಯಾರದೋ ಬಾಡಿಗಿ ಹಂದರದಾಗ ಕುಂತ್ಯಲ್ಲ, ನಾಚಿಕಿ ಬರಲಿಲ್ಲೇನು? ಮ್ಯಾಲೆ ಹುಳದ ಕತಿ ಬ್ಯಾರೆ ಕಟ್ಟೀದಿ.

ನಿಮ್ಮಪ್ಪ ನಿಡಗುಂದ್ಯಾಗ ಕೆಲಸಕ್ಕ ಹೋಗ್ಯಾನ, ಇನ್ನೂ ಗೊತ್ತಿಲ್ಲ. ಆ ಮಡಿವಾಳಪ್ಪಣ್ಣ ಪಾಪ ನಮ್ಮ ಸಲುವಾಗಿ ಮಗನ ಮದುವಿ ತಡದು ಕುಂತಾನ. ಅಂಥಾ ಮನಷ್ಯಾಗ ಮೋಸ ಮಾಡಬಾರದಂತ ನಿನ್ನೆ ಮುಂಜಾನಿ ಮೋಟಾರಿಗೆ ರಾವಸಾಬನ್ನ ಮುದ್ದೇಬಿಹಾಳಕ್ಕ ಕಳಿಸಿದೆ. “ನಮ್ಮ ಹುಡುಗಿದು ಆಗಿಹೋಗೇತ್ರಿ, ನೀವು ಬ್ಯಾರೆ ನೋಡ್ರಿ” ಅಂತ ಹೇಳಿ ಬಂದಾನ.

ನಾಳೆ ಯುಗಾದಿ. ಬೇವು ಕುಡಿಯಾಕ ನನಗ ಬ್ಯಾರೆ ಬೇಕಾಗಿಲ್ಲ.

ಆತ ಹೊಟ್ಟಿ ತುಂಬ ಉಣ್ಣಾಕ ಹಾಕ್ತಾನೇನು? ಅಷ್ಟು ಬರಿ. ಸಿಟ್ಟು ಸಿಟ್ಟೇ.

ನಿನ್ನ ಅವ್ವ
ರುಕ್ಮವ್ವ

*

ಪುಣೆ
೧೬ ಏಪ್ರಿಲ್ ೧೯೭೫

ಅವ್ವಾ, ನನ್ನವ್ವಾ,

ನಾನು ಮದುವೆಯಾಗಿಲ್ಲ. ರಾವಸಾಬ ಮಾವ, ಈ ಸಾಲನ್ನು ಇನ್ನೊಮ್ಮೆ ಓದು. ನಾನು ಮದುವೆಯಾಗಿಲ್ಲ!

ಎದ್ದದ್ದು ಕೋಶದೊಳಗಿನ ಹಂದರ. ಆ ಹೆಸರಿಟ್ಟವಳು ನಾನು, ಅಪ್ಪನಿಗೆ ಮಾತ್ರ ಗೊತ್ತು. ಕಾಗದಗಳನ್ನು ಅಪ್ಪ ನಿನಗೆ ಓದಿ ಹೇಳಲಿಲ್ಲ, ಯಾಕೆಂದರೆ ಅವುಗಳಲ್ಲಿ ತತ್ತಿಯ ಮಾತಿತ್ತು. ಹೌದು ಅವ್ವಾ, ಕೋಳಿಯ ತತ್ತಿ. ಮುಟ್ಟುತ್ತೇನೆ, ತಿನ್ನುವುದಿಲ್ಲ. ಈಗ ಬೇಕಾದಷ್ಟು ಬೈ.

ಅವು ನಡೆಯದೆ ಇದ್ದದ್ದು ಯಾಕೆ ಗೊತ್ತೇ? ಚಳಿಗೆ. ನೋಡಲೆಂದು ನಾನು ತಟ್ಟೆಯನ್ನು ಹೊರಗೆ ತೆಗೆದ ಕೂಡಲೆ ತಣ್ಣಗಾಗಿ ಮುದುಡಿ ನಿಂತುಬಿಡುತ್ತಿದ್ದವು. ಸೂಕ್ಷ್ಮದರ್ಶಕಕ್ಕೇ ಒಂದು ಪೆಟ್ಟಿಗೆ ಕಟ್ಟಿಸಿ, ಒಳಗೆ ದೀಪ ಹಚ್ಚಿ, ಬೆಚ್ಚಗೆ ಮಾಡಿ ನೋಡಿದೆ. ಮೊದಲು ಅಂಚು ನಡುಗಿತು. ಆಮೇಲೆ ಪೊರೆ ಚಾಚಿ, ಗೂಟ ಹೊಡೆದು, ಹಿಂದಿನದನ್ನು ಎಳೆದುಕೊಂಡು ಒಂದು ಕೋಶ ಹೊರಟೇಬಿಟ್ಟಿತು. ಕ್ಯಾಲ್ಸಿಯಂ ತೆಗೆದರೆ ನಿಲ್ಲುತ್ತದೆ, ಕೊಟ್ಟರೆ ಮತ್ತೆ ಹೊರಡುತ್ತದೆ. ನಾನು ಅತ್ತುಬಿಟ್ಟೆ, ಬಾಯಿಯವರೂ ಕಣ್ಣೊರೆಸಿಕೊಂಡರು. ಓಡಿಹೋಗಿ ತಂತಿ ಕೊಟ್ಟೆ.

ಪಂಥ ಗೆದ್ದ ಸಂತೋಷ ದೊಡ್ಡದಿದೆ. ಮಡಿವಾಳಪ್ಪ ಕಾಕಾನ ಮುಂದೆ ಅಪ್ಪನ ತಲೆ ತಗ್ಗಿತೇ ಎಂಬುದೊಂದೇ ಚಿಂತೆ. ಬರೆಸು.

ಇನ್ನೂ ನಿನ್ನವಳೇ ಆದ
ಕಸ್ತೂರಿ

*

ಮುದ್ದೇಬಿಹಾಳ
೮ ಮೇ ೧೯೭೫

ಕಸ್ತೂರಿ,

ತಲೆ ತಗ್ಗಲಿಲ್ಲ, ಕೇಳು.

ನಿನ್ನ ಕಾಗದ ಓದಿದ ಮರುದಿನವೇ ಮಡಿವಾಳಪ್ಪನ ಮನೆಗೆ ಹೋದೆ. “ಹುಡುಗಿ ಮದುವೆಯಾಗಿಲ್ಲ, ನಮ್ಮವಳು ತಾರು ತಪ್ಪು ತಿಳಿದಳು” ಎಂದೆ. ಆತ ಕೇಳಿದ, “ಅದಿರಲಿ, ಹುಳ ನಡದಾವೋ ಇಲ್ಲೋ?” “ನಡದಾವ” ಎಂದೆ. “ಹಂಗಾದ್ರ ಆಕಿ ಗೆದ್ದಾಳ. ಹೆಂಗಿದ್ರೂ ಈ ಮದುವಿ ಆಗ್ತಿರಲಿಲ್ಲ ಬಿಡೋ. ನಿಡಗುಂದಿಯವರಿಗೆ ಹೂಂ ಅಂದೇನಿ. ಹಂದರ ಮಾತ್ರ ನೀನ ಹಾಕಬೇಕು” ಎಂದ.

ನಿನ್ನೆ ಹಾಕಿದೆ. ಮೊದಲ ಗಳ ಎತ್ತುವಾಗ ಕೈ ಬರಲಿಲ್ಲ ಮಗಳೇ. ಈ ಮನೆಯಲ್ಲಿ ನಾನು ಬೀಗನಾಗಿ ಕೂರಬೇಕಿತ್ತು, ಗೂಟ ಹೊಡೆಯುತ್ತ ನಿಂತಿದ್ದೇನೆ ಎನಿಸಿ ದುಃಖ ಬಂತು. ಬಂದಗಿಸಾಬ ನೋಡಿದ. ಇನ್ನೊಂದು ತುದಿಗೆ ಹೆಗಲು ಕೊಟ್ಟ.

ಮಧ್ಯಾಹ್ನ ಜೋರು ಗಾಳಿ ಬೀಸಿತು. ತಾಡಪತ್ರಿ ಉಬ್ಬಿತು, ಹಗ್ಗ ಬಿಗಿದವು, ಒಂದು ಗೂಟವೂ ಅಲ್ಲಾಡಲಿಲ್ಲ. ಕತ್ತೆತ್ತಿ ಅದನ್ನು ನೋಡುತ್ತ ನಿಂತಿದ್ದಾಗ ಮದುಮಗನೇ ಹತ್ತಿರ ಬಂದ. ಅರಿಶಿಣದ ಮೈ, ನಾಚಿಕೆಯ ಹುಡುಗ. “ಮಾಮಾರ, ಅವು ಖರೇನ ನಡದಾವೇನ್ರಿ?” ಎಂದು ಕೇಳಿದ. ಅವನನ್ನು ಅಲ್ಲೇ ಕೂರಿಸಿಕೊಂಡು ಗಳ, ಹಗ್ಗ, ಗೂಟ ತೋರಿಸಿ ಎಲ್ಲ ಹೇಳಿದೆ, ಕ್ಯಾಲ್ಸಿಯಂ ಸಮೇತ. ಹೇಳಿ ಮುಗಿಸುವಷ್ಟರಲ್ಲಿ ಬೆಳಗಿನ ದುಃಖ ಎಲ್ಲೋ ಹೋಗಿತ್ತು. ಒಳ್ಳೆಯ ಹುಡುಗ, ಚೆನ್ನಾಗಿ ಬಾಳಲಿ.

ಸೋತೆ. ಸೋತದ್ದು ಹಿತವಾಗಿದೆ. ಇನ್ನೆರಡು ವರ್ಷ ನಾನು ಬಾಯಿ ಬಿಡುವುದಿಲ್ಲ.

ನಿಮ್ಮವ್ವ ಮಾತ್ರ ತತ್ತಿಯ ವಿಷಯಕ್ಕೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಹಾಕುತ್ತಾಳೆ, ಮಾತಾಡುವುದಿಲ್ಲ.

ನಿನ್ನ ಅಪ್ಪ

*

ಬಸವನ ಬಾಗೇವಾಡಿ
೨೫ ಮೇ ೧೯೭೫

ಕಸ್ತೂರಿ,

ರಜೆಗೆ ಬರುತ್ತಿದ್ದೇನೆಂಬ ನಿನ್ನ ಕಾರ್ಡು ತಲುಪಿತು. ನೀನು ಹೊರಡುವ ಮೊದಲು ಈ ಕಾಗದ ಸಿಗಲಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಬಸ್ಸಿನಿಂದ ಇಳಿದು ಮನೆ ನೋಡಿ ಗಾಬರಿಯಾಗಬೇಡ.

ಈ ವರ್ಷದ ಮದುವೆಗಳು ಮುಗಿದವು. ನಿನ್ನೆ ಗಾಡಿ ತುಂಬ ಗಳ ಹೇರಿಕೊಂಡು ಮನೆಗೆ ಬಂದೆವು. ಹಿತ್ತಲಿಗೆ ಇಳಿಸಲು ಹೊರಟರೆ ನಿಮ್ಮವ್ವ ಬಾಗಿಲಿಗೆ ಬಂದು ನಿಂತಳು. ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು. “ಹಿತ್ತಲಕ್ಕ ಒಯ್ಯಬ್ಯಾಡ್ರಿ. ಇಲ್ಲೇ ಹಾಕ್ರಿ, ಬಾಗಲ ಮುಂದ.”

“ಯಾತಕ್ಕೆ? ಮದುವೆ ಇಲ್ಲ, ಏನಿಲ್ಲ” ಎಂದೆ.

“ತಾರು ಬಂದಾಗ ನಾ ಯಾಕ ಅತ್ತೆ, ಗೊತ್ತೈತೇನು ನಿಮಗ? ಮದುವಿ ಆದಳಂತ ಅಲ್ಲ. ಆಕಿ ಹಂದರ ಎದ್ದಾಗ ನಾ ಅಲ್ಲಿರಲಿಲ್ಲಂತ. ಹಾಕ್ರಿ.”

ಬಂದಗಿಸಾಬ ಆಗಲೇ ಗಾಡಿಯಿಂದ ಗಳ ಎಳೆಯುತ್ತಿದ್ದ. ಹಾಕಿದೆವು. ನಾನು ಹಾಕಿದ ಹಂದರಗಳಲ್ಲೇ ಇದು ಸಣ್ಣದು, ಗಂಟು ಮಾತ್ರ ಒಂದೊಂದನ್ನೂ ಎರಡೆರಡು ಸಲ ಬಿಗಿದು ನೋಡಿದ್ದೇನೆ. ನಿಮ್ಮವ್ವ ಮಾವಿನ ತೋರಣ ಕಟ್ಟಿದಳು. ಹೊಸ್ತಿಲ ಬಳಿ ಒಂದು ಕೊಡ ನೀರೂ ತುಂಬಿಟ್ಟಿದ್ದಾಳೆ. ಅದು ತತ್ತಿ ಮುಟ್ಟಿದ್ದಕ್ಕೆ, ಅದರಿಂದ ನಿನ್ನನ್ನು ನಾನು ಬಿಡಿಸಲಾರೆ.

ಇವತ್ತು ಬೆಳಿಗ್ಗೆ ಎದುರುಮನೆಯ ಶೆಟ್ಟೆವ್ವ ನಿಂತು ನೋಡಿ ಕೇಳಿದಳು, “ಯಾರ ಮದುವಿ ರುಕ್ಮವ್ವಾ?”

ನಿಮ್ಮವ್ವ ಸೆರಗು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು, “ಮದುವಿ ಅಲ್ಲ ಬಿಡವಾ. ನಮ್ಮ ಕಸ್ತೂರಿಯ ಹುಳ ನಡದಾವ!”

ಹುಳ ಅಲ್ಲ, ಕೋಶ ಎನ್ನಲು ನಾನು ಬಾಯಿ ತೆರೆದೆ. ಆಕೆಯ ಮುಖ ನೋಡಿ ಸುಮ್ಮನಾದೆ. ನೀನೇ ಬಂದು ಹೇಳು.

ಹಂದರದ ಕೆಳಗೆ ಕೂತು ಬರೆದ
ನಿನ್ನ ಅಪ್ಪ